ನೂರ ನಲವತ್ತನೆಯ ಎಣಿಕೆ

ಮಾಧವ ಆ ಸಂಗೀತಕ್ಕೆ ಒಪ್ಪಿಕೊಂಡದ್ದು ಅದು ಇಷ್ಟವಾಗಿ ಅಲ್ಲ. ಅದರಲ್ಲಿ ತಪ್ಪಿದರೂ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯದ ಮೇಲೆ. ಮೂವತ್ತು ವರ್ಷ ಮೃದಂಗ ನುಡಿಸಿದವನು ಹೀಗೆ ಯೋಚಿಸಬಹುದೇ ಎಂದು ಕೇಳಿದರೆ, ಯೋಚಿಸಬಹುದು. ಹೆದರಿ ಓಡುವವನು ಬಿಲ ಯಾರದೆಂದು ವಿಚಾರಿಸುವುದಿಲ್ಲ.

ಹೆದರಿಕೆ ಶುರುವಾದದ್ದು ಹಿಂದಿನ ವರ್ಷದ ರಾಮನವಮಿಯಲ್ಲಿ. ಜಯನಗರದ ಒಂದು ಚಪ್ಪರದಲ್ಲಿ ಬದರಿನಾಥರ ಗಾಯನ, ಪಕ್ಕದಲ್ಲಿ ಮಾಧವನ ಮೃದಂಗ. ಹದಿನೆಂಟು ವರ್ಷದಿಂದ ಅದೇ ಜೋಡಿ. ಅಂದು ಬದರಿನಾಥರು ಸ್ವರ ಹಾಡಿ ಮುಗಿಸಿ ಪಲ್ಲವಿಗೆ ಮರಳುವ ಜಾಗದಲ್ಲಿ ಹಾಡು ಒಂದು ಕಡೆ, ಮೃದಂಗ ಒಂದು ಕಡೆ ಆಯಿತು. ವ್ಯತ್ಯಾಸ ಅರ್ಧ ಎಣಿಕೆ. ಬೇರೆಯವರಿಗೆ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕಛೇರಿಯಲ್ಲಿ ಕೂತವನಿಗೆ ಸಭೆಯ ನಡುವೆ ಪಂಚೆ ಜಾರಿದ ಹಾಗೆ. ಬದರಿನಾಥರು ಹಾಡು ನಿಲ್ಲಿಸಿ, ಮೈಕಿನ ಮುಂದೆಯೇ, “ತಾಳ ನೋಡ್ಕೊಳ್ಳಿ” ಅಂದರು. ಮುಂದಿನ ಸಾಲಿನಲ್ಲಿ ತೊಡೆ ತಟ್ಟುತ್ತಾ ತಾಳ ಹಾಕುತ್ತಿದ್ದ ಅಷ್ಟೂ ಕೈಗಳು ನಿಂತವು. ಆ ನಿಂತ ಕೈಗಳನ್ನು ಮಾಧವ ಇವತ್ತಿಗೂ ಮರೆತಿಲ್ಲ.

ಕಛೇರಿ ಮುಗಿದ ಮೇಲೆ ಚಪ್ಪರದ ಹಿಂದೆ ಚಪ್ಪಲಿ ಮೆಟ್ಟುತ್ತಾ ಬದರಿನಾಥರು ಇನ್ನೊಂದು ಮಾತು ಹೇಳಿದರು. “ನಾನು ವಾಪಸ್ ಬಂದೆ ಮಾಧವ. ನೀವು ಅಲ್ಲಿರ್ಲಿಲ್ಲ.”

ಇದೆಂಥ ಮಾತು? ಮಾಧವ ಅದನ್ನು ಬೈಗುಳವೆಂದೇ ತೆಗೆದುಕೊಂಡ. ಕೂತಲ್ಲೇ ನಿದ್ದೆ ಹೊಡೆಯುತ್ತಿದ್ದೆ ಎನ್ನುವುದನ್ನು ನಾಜೂಕಾಗಿ ಹೇಳಿದರು ಅಂದುಕೊಂಡ. ಆಮೇಲೆ ಅವರು ಫೋನ್ ಮಾಡಲಿಲ್ಲ, ಇವನೂ ಮಾಡಲಿಲ್ಲ. ಹನುಮಂತನಗರದ ಮನೆಯ ಮೂಲೆಯಲ್ಲಿ ಮೃದಂಗ ಗವಸು ಹೊದ್ದು ಕೂತಿತು.

ನೋವಿಗಿಂತ ಹೆಚ್ಚಾಗಿ ಅವನನ್ನು ತಿಂದದ್ದು ಅನುಮಾನ. ತಪ್ಪಿದ್ದು ಯಾರು? ಪಕ್ಕವಾದ್ಯದವರಿಗೆ ಗುರುಗಳು ಕೈಗಿಂತ ಮೊದಲು ಕಣ್ಣಿಗೆ ಪಾಠ ಹೇಳುತ್ತಾರೆ: ಹಾಡುವವರ ಮುಖ ನೋಡು, ಅವರು ಜಾರಿದರೆ ನೀನೂ ಜಾರಿ ಅದನ್ನು ಮುಚ್ಚಿಬಿಡು, ಸಭೆಗೆ ಗೊತ್ತಾಗಬಾರದು. ಮಾಧವ ಅಂದು ಅದನ್ನೇ ಮಾಡಿದ್ದನೋ, ಇಲ್ಲ ನಿಜವಾಗಿಯೇ ಲೆಕ್ಕ ಬಿಟ್ಟಿದ್ದನೋ, ಅವನಿಗೇ ಗೊತ್ತಿರಲಿಲ್ಲ. ಆ ಕಛೇರಿ ಏರ್ಪಡಿಸಿದ್ದ ಸಂಗೀತ ಸಭೆಯ ಕಾರ್ಯದರ್ಶಿ ಸೇತುರಾಮರು ಒಳ್ಳೆಯ ಮನುಷ್ಯರು. ವಾರ ಬಿಟ್ಟು ಮನೆಗೆ ಬಂದು, ಆ ದಿನದ ಧ್ವನಿಮುದ್ರಣವನ್ನು ಒಂದು ಪೆನ್‌ಡ್ರೈವಿನಲ್ಲಿ ಕೊಟ್ಟು, ಒಂದು ಸಲ ಕೇಳಿಬಿಡಿ, ಮನಸ್ಸಿಗೆ ಸಮಾಧಾನ ಆಗುತ್ತದೆ ಎಂದು ಹೇಳಿ ಹೋದರು. ಮಾಧವ ಅದನ್ನು ಮೃದಂಗದ ಗವಸಿನ ಜೇಬಿಗೆ, ಎಡಮುಖಕ್ಕೆ ಹಚ್ಚುವ ರವೆಯ ಪೊಟ್ಟಣದ ಪಕ್ಕಕ್ಕೆ, ತುರುಕಿಟ್ಟ. ಕೇಳದಿರುವ ತನಕ ಅರ್ಧ ಆಸೆಯಾದರೂ ಉಳಿದಿರುತ್ತದಲ್ಲ.

ಅವನು ಹಗಲು ಹೊತ್ತು ಒಂದು ಪಿಯು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಕೆಲಸ ಮಾಡುವವನು. ಲೋಲಕದ ಇಪ್ಪತ್ತು ಆಂದೋಲನ ಎಣಿಸುವುದು ಹೇಗೆಂದು ವಿದ್ಯಾರ್ಥಿಗಳಿಗೆ ತೋರಿಸುವುದೂ ಅವನ ಕೆಲಸವೇ. ಈಗ ಹನ್ನೆರಡು ದಾಟಿದ ಕೂಡಲೇ ಅನುಮಾನ ಏಳುತ್ತಿತ್ತು: ಇದು ಹದಿಮೂರೋ, ಹದಿನಾಲ್ಕೋ? ಬನಶಂಕರಿಯ ಸಿಗ್ನಲ್ಲಿನಲ್ಲಿ ಕೆಂಪು ಅಂಕಿಗಳು ಇಳಿಯುವಾಗ ಅವುಗಳ ಜೊತೆ ತಾನೂ ಎಣಿಸಿ, ಕಣ್ಣು ಮುಚ್ಚಿ, ತೆರೆದು, ತಾಳೆ ನೋಡುತ್ತಿದ್ದ. ತಾಳೆಯಾದರೂ ನಂಬಿಕೆ ಬರುತ್ತಿರಲಿಲ್ಲ. ಹೆಂಡತಿ ಸರಸ್ವತಿ ಬಚ್ಚಲಿನಿಂದ, ಕುಕ್ಕರ್ ಮೂರು ಸಲ ಕೂಗಿತಾ ಎಂದು ಕೇಳಿದರೆ ಉತ್ತರ ಇರುತ್ತಿರಲಿಲ್ಲ. ಮೃದಂಗದ ವಿದ್ವಾಂಸನನ್ನು ಕಟ್ಟಿಕೊಂಡು ಕುಕ್ಕರಿನ ಸೀಟಿಯನ್ನು ನಾನೇ ಎಣಿಸಬೇಕಾಯಿತು ಎಂದು ಅವಳು ಒಮ್ಮೆ ತಮಾಷೆ ಮಾಡಿದಳು. ಅವನು ನಗಲಿಲ್ಲ, ಅವಳು ಮತ್ತೆ ಆ ತಮಾಷೆ ಮಾಡಲಿಲ್ಲ.

ಹೀಗೆ ಹತ್ತು ತಿಂಗಳು ಕಳೆದ ಮೇಲೆ, ಮನೆಯ ಹತ್ತಿರದ ದರ್ಶಿನಿಯಲ್ಲಿ ಪ್ರಕೃತಿ ಸಿಕ್ಕಳು. ಚಿಕ್ಕವಳಿದ್ದಾಗ ಅವನ ಹತ್ತಿರ ನಾಲ್ಕು ವರ್ಷ ಮೃದಂಗ ಕಲಿತು, ಎಸ್ಸೆಸ್ಸೆಲ್ಸಿ ಬಂತೆಂದು ಬಿಟ್ಟವಳು. ಈಗ ಇಪ್ಪತ್ತಾರರ ಹೆಂಗಸು, ಕೀಬೋರ್ಡ್ ನುಡಿಸುತ್ತಾಳೆ, ‘ತೂಬು’ ಎಂಬ ಬ್ಯಾಂಡ್ ಕಟ್ಟಿದ್ದಾಳೆ. ಅವರ ಡ್ರಮ್ಸಿನ ಶಶಿಕಾಂತ್ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ, ಕಾರ್ಯಕ್ರಮಕ್ಕೆ ಐದು ವಾರ ಉಳಿದಿತ್ತು. ಇನ್ನೊಬ್ಬ ಡ್ರಮ್ಮರನ್ನು ಹುಡುಕುವ ಬದಲು ಮೃದಂಗವನ್ನೇ ಇಟ್ಟರೆ ಹೇಗೆ ಎಂದು ಅವಳು ಯೋಚಿಸುತ್ತಿದ್ದಳಂತೆ. ಅಷ್ಟರಲ್ಲಿ ಗುರುಗಳೇ ಕಾಫಿ ಲೋಟ ಹಿಡಿದು ಎದುರಿಗೆ ನಿಂತಿದ್ದಾರೆ.

ಯಾವ ಬಗೆಯ ಸಂಗೀತ ಎಂದು ಮಾಧವ ಕೇಳಿದ. ಅವಾಂಗಾರ್ಡ್ ಪ್ರೋಗ್ರೆಸಿವ್ ರಾಕ್ ಅಂದಳು. ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವವನಿಗೆ ಈ ಒಂದು ಹೆಸರು ನಾಲಿಗೆಗೆ ಹತ್ತಲು ಎರಡು ದಿನ ಬೇಕಾಯಿತು. ಅವಳು ಅಲ್ಲೇ ಫೋನಿನಲ್ಲಿ ಅರ್ಧ ನಿಮಿಷ ಕೇಳಿಸಿದಳು. ಇಡ್ಲಿ ತಟ್ಟೆಗಳ ಸದ್ದು ಯಾವುದು, ಸಂಗೀತ ಯಾವುದು ಎಂದು ಅವನಿಗೆ ತಿಳಿಯಲಿಲ್ಲ. ತಪ್ಪುಗಳನ್ನೇ ಒಂದರ ಮೇಲೊಂದು ಪೇರಿಸಿದಂತಿತ್ತು. ಇದರಲ್ಲಿ ನನ್ನದೊಂದು ತಪ್ಪು ಸೇರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಯಾರಿಗೆ ತಿಳಿಯುತ್ತದೆ ಅಂದುಕೊಂಡ. ಸಭೆಗಳ ಕಡೆಯವರು ಯಾರೂ ಅತ್ತ ತಲೆ ಹಾಕುವುದಿಲ್ಲ ಎಂಬುದೂ ಖಾತ್ರಿಯಿತ್ತು. ಆಯಿತು ಎಂದ. ಮನಸ್ಸಿನಲ್ಲಿ ಮಾತ್ರ ಒಂದು ಗೆರೆ ಎಳೆದುಕೊಂಡ: ಇದೇ ಕೊನೆಯ ಪರೀಕ್ಷೆ. ಇಲ್ಲೂ ಎಣಿಕೆ ತಪ್ಪಿದರೆ ಮೃದಂಗವನ್ನು ಯಾರಿಗಾದರೂ ಕೊಟ್ಟುಬಿಡುವುದು, ಮತ್ತೆ ಮುಟ್ಟುವುದಿಲ್ಲ.

ಪ್ರಕೃತಿ ಹದಿಮೂರು ಹಾಡುಗಳನ್ನು ಕಳಿಸಿದಳು. ಹಾಡು ಎಂದು ಅವಳು ಕರೆದದ್ದು. ಕೆಲವಕ್ಕೆ ಬಾಯಿಯೇ ಇರಲಿಲ್ಲ. ಮೊದಲನೆಯದು ಒರಳು ತಿರುಗಿಸಿದಂಥ ಸದ್ದಿನಿಂದ ಹೊರಟು, ನಡುವೆ ಇದ್ದಕ್ಕಿದ್ದಂತೆ ನಿಂತಿತು. ಫೋನ್ ಕೆಟ್ಟಿತೆಂದು ಅವನು ಆಫ್ ಮಾಡಿ ಆನ್ ಮಾಡಿದ. ಕೆಟ್ಟಿರಲಿಲ್ಲ, ಅದು ಬರೆದಿಟ್ಟ ಮೌನ. ಇನ್ನೊಂದರಲ್ಲಿ ಒಬ್ಬ ಹೆಂಗಸು ಅರ್ಥವಿಲ್ಲದ ಅಕ್ಷರಗಳನ್ನು ಸಿಟ್ಟಿನಿಂದ ಹೇಳುತ್ತಾ ಹೋಗುತ್ತಿದ್ದಳು, ಹಿಂದೆ ಪಿಟೀಲು ಬಾಗಿಲಿನ ಕೀಲಿನಂತೆ ಕಿರುಗುಟ್ಟುತ್ತಿತ್ತು. ಮತ್ತೊಂದು ನಾಲ್ಕು ನಿಮಿಷ ಚೆಂದದ ರಾಗದಲ್ಲಿ ನಡೆದು, ಕೇಳುವವನಿಗೆ ಹಿತವಾಗುವ ಹೊತ್ತಿಗೆ ಸರಿಯಾಗಿ, ಸ್ವರಗಳನ್ನೆಲ್ಲ ಮೆಟ್ಟಿಲ ಮೇಲಿಂದ ಉರುಳಿಸಿಬಿಟ್ಟಿತು. ಮಿಕ್ಸಿಯ ಜಾರಿಗೆ ಏನಾದರೂ ಸಿಕ್ಕಿಕೊಂಡಿದೆಯಾ ಎಂದು ಸರಸ್ವತಿ ಅಡುಗೆಮನೆಗೆ ಹೋಗಿ ನೋಡಿ ಬಂದಳು.

ಇದು ಕುಣಿಯಲಾರದವರು ನೆಲವನ್ನೇ ಡೊಂಕು ಮಾಡಿಕೊಂಡ ಸಂಗೀತ ಎಂದು ಮಾಧವ ತೀರ್ಮಾನಿಸಿದ. ಹಾಗೆಂದು ಬಿಟ್ಟುಬಿಡಲೂ ಆಗಲಿಲ್ಲ. ಕಾರಣ ಅವನ ಬಲಗೈ. ಯಾವ ಸದ್ದು ಬಂದರೂ ಬೆರಳುಗಳು ತೊಡೆಯ ಮೇಲೆ ಲೆಕ್ಕ ಶುರುಮಾಡುತ್ತವೆ, ಅದು ಮೂವತ್ತು ವರ್ಷದ ಚಾಳಿ. ಈ ಹಾಡುಗಳಲ್ಲಿ ಎಂಟೆಂದುಕೊಂಡರೆ ಏಳಕ್ಕೆ ಮುಗಿಯುತ್ತಿತ್ತು, ಏಳಕ್ಕೆ ಸಿದ್ಧವಾದರೆ ಒಂಬತ್ತರ ತನಕ ಎಳೆಯುತ್ತಿತ್ತು. ಪ್ರತಿ ಸಲ ಕೈ ಗಾಳಿಯಲ್ಲಿ ನಿಂತು ಬೆಪ್ಪಾಗುತ್ತಿತ್ತು, ಪ್ರತಿ ಸಲ ಚಪ್ಪರದ ಆ ನಿಂತ ಕೈಗಳು ನೆನಪಾಗುತ್ತಿದ್ದವು. ಬಾಣಲೆಯಿಂದ ಬೆಂಕಿಗೆ ಹಾರಿದೆನೇ ಅನ್ನಿಸುತ್ತಿತ್ತು.

ಎರಡನೆಯ ವಾರದ ಒಂದು ಸಂಜೆ ಮೆಟ್ರೋದಲ್ಲಿ ಕೂತು, ಕಿವಿಗೆ ಸಿಕ್ಕಿಸಿಕೊಂಡು, ಪಟ್ಟಿಯ ಆರನೆಯ ಹಾಡನ್ನು ಹತ್ತನೆಯ ಸಲವೋ ಏನೋ ಕೇಳುತ್ತಿದ್ದ. ಗದ್ದಲವೆಂದು ತಳ್ಳಿಹಾಕಿದ್ದ ಒಂದು ಭಾಗ. ಗಿಟಾರು ಹನ್ನೊಂದರಲ್ಲಿ ಸುತ್ತುತ್ತಿದೆ ಎಂದು ಬೆರಳಿಗೆ ಹೊಳೆಯಿತು. ಅದರ ಒಳಗೆ ಇನ್ನೊಂದು ವಾದ್ಯ, ಅದು ಎಂಟರಲ್ಲಿ. ಎರಡೂ ಒಂದನ್ನೊಂದು ನೋಡದೆ ಹೋಗುತ್ತಿವೆ. ಎಷ್ಟೋ ಸುತ್ತಿನ ನಂತರ ಎರಡೂ ಒಂದೇ ಏಟಿಗೆ ಬಂದು ಬಿದ್ದವು, ಅಷ್ಟು ಹೊತ್ತೂ ಅದೇ ಜಾಗಕ್ಕೆ ಹೊರಟಿದ್ದಂತೆ. ಮಾಧವನ ಮೈಮೇಲೆ ಕೂದಲು ನಿಂತಿತು. ಯಾರೂ ತಪ್ಪಿರಲಿಲ್ಲ! ತಪ್ಪೆಂದು ಕೇಳಿಸಿದ್ದು ಅವನ ಕಿವಿಗೆ ಮಾತ್ರ. ಸಂತೋಷವಾಯಿತು, ಅದರ ಬೆನ್ನಿಗೇ ದಿಗಿಲೂ ಆಯಿತು. ಇದು ಹೊಳೆಯಲ್ಲ, ಒಂದು ಕೂದಲೆಳೆ ಆಚೀಚೆಯಾದರೂ ಎತ್ತಿ ತೋರಿಸುವ ಸಂಗೀತ. ಅಡಗಿಕೊಳ್ಳಲು ಬಂದವನು ದೀಪದ ಕೆಳಗೇ ಬಂದು ಕೂತಿದ್ದ. ಕೋಣನಕುಂಟೆ ಕ್ರಾಸಿನಲ್ಲಿ ಇಳಿಯಬೇಕಾದವನು ರೇಷ್ಮೆ ಸಂಸ್ಥೆಯ ಕೊನೆಯ ನಿಲ್ದಾಣ ಮುಟ್ಟಿ ವಾಪಸ್ಸು ಬಂದ.

ಅಭ್ಯಾಸ ನಡೆಯುತ್ತಿದ್ದದ್ದು ಕೋಣನಕುಂಟೆಯಲ್ಲಿ, ಗಿಟಾರಿನ ಸೋಮನಾಥನ ಮನೆಯವರ ಹಾರ್ಡ್‌ವೇರ್ ಅಂಗಡಿಯ ಗೋಡೌನಿನಲ್ಲಿ. ಸುತ್ತ ಪಿವಿಸಿ ಪೈಪು, ಪೇಂಟಿನ ಡಬ್ಬ. ಮಾಧವ ಒಣಗಿದ ರವೆಯನ್ನು ಕೆರೆದು, ಹೊಸದಾಗಿ ನೀರಿನಲ್ಲಿ ಕಲಸಿ ಹಚ್ಚಿ, ಮೃದಂಗವನ್ನು ಶ್ರುತಿ ಮಾಡಿದ. ಗವಸಿನ ಜೇಬಿನೊಳಗಿನ ಪೆನ್‌ಡ್ರೈವ್ ಬೆರಳಿಗೆ ತಾಗಿದಾಗ ಕೈ ಸುಟ್ಟಂತೆ ಹಿಂದಕ್ಕೆ ತೆಗೆದ.

ಅವರು ನುಡಿಸಬೇಕಿದ್ದ ಮುಖ್ಯ ಕೃತಿ ಪ್ರಕೃತಿಯದೇ. ಹೇಳಲು ಬಹಳ ಸರಳ. ಸೋಮನಾಥ ಏಳರ ಸುತ್ತು, ಪ್ರಕೃತಿ ಐದರ ಸುತ್ತು, ಮಾಧವ ನಾಲ್ಕರ ಸುತ್ತು. ಮೂವರೂ ಒಟ್ಟಿಗೆ ಹೊರಡುವುದು. ನೂರ ನಲವತ್ತು ಎಣಿಕೆ ಮುಗಿದಾಗ ಮೂವರ ಸುತ್ತೂ ತಾನಾಗಿ ಒಂದೇ ಜಾಗಕ್ಕೆ ಬರುತ್ತದೆ. ಅಲ್ಲಿ ಒಂದೇ ಏಟು, ಆಮೇಲೆ ಮೌನ. ನಾಲ್ಕರ ಸುತ್ತು ಮೂವತ್ತೈದು ಸಲ. ಮೃದಂಗ ಕಲಿಯಲು ಬಂದ ಎಳೆಯರೂ ಹಾಕಬಹುದಾದ ಲೆಕ್ಕ.

ಅದು ಮಾಧವನ ಕೈಯಲ್ಲಿ ಆಗಲಿಲ್ಲ. ಐವತ್ತರ ಹತ್ತಿರ ಬಂದಾಗ ಅವನ ಕಣ್ಣು ಸೋಮನಾಥನ ಮುಖಕ್ಕೆ ಹೋಗುತ್ತಿತ್ತು. ಗಿಟಾರು ಎಲ್ಲರಿಗಿಂತ ಜೋರು. ಜೋರಿನವರು ಮುಖ್ಯ ಕಲಾವಿದರು. ಮುಖ್ಯ ಕಲಾವಿದರು ಎಲ್ಲಿ ಬಿಡುತ್ತಾರೋ ಅಲ್ಲಿ ಹಿಡಿಯಬೇಕು. ಬುದ್ಧಿ ಬೇಡವೆಂದರೂ ಕೈ ಏಳಕ್ಕೆ ಜಾರುತ್ತಿತ್ತು. ಕೊನೆಯ ಏಟು ಮೂರು ಚೂರಾಗಿ ಬೀಳುತ್ತಿತ್ತು. ಎರಡು ವಾರ ಹೀಗೇ ಆಯಿತು. ಸೋಮನಾಥ ಪಾಪ, ಏನೂ ಅನ್ನದೆ ಗಿಟಾರಿನ ತಂತಿ ಬಿಗಿ ಮಾಡುತ್ತಾ ಕೂರುತ್ತಿದ್ದ. ಆ ಮರ್ಯಾದೆಯೇ ಮಾಧವನಿಗೆ ಹೆಚ್ಚು ಚುಚ್ಚುತ್ತಿತ್ತು.

ಕೊನೆಗೆ ಪ್ರಕೃತಿ ಒಂದು ದಿನ ಕೀಬೋರ್ಡ್ ಬಿಟ್ಟೆದ್ದು ಬಂದು ಅವನ ಎದುರಿಗೆ ನೆಲದ ಮೇಲೆ ಕೂತಳು, ಹಿಂದೆ ಪಾಠಕ್ಕೆ ಕೂರುತ್ತಿದ್ದ ಹಾಗೆ.

“ಸರ್, ನೀವು ಸೋಮನ್ ಹತ್ರ ಹೋಗ್ತಿದ್ದೀರ.”

“ಗೊತ್ತು ಕಣಮ್ಮ. ಕೈ ಕೇಳಲ್ಲ ಅನ್ನತ್ತೆ. ನೀವು ಯಾರಾದ್ರೂ ಜಾರಿದ್ರೆ ನಾನು ಮುಚ್ಬೇಕಲ್ವಾ?”

“ಮುಚ್ಬೇಡಿ. ನಾವು ತಪ್ಪಿದ್ರೆ ತಪ್ಪಲಿ. ನೀವೂ ನಮ್ ಜೊತೆ ಬಂದ್ಬಿಟ್ರೆ, ನಾವು ಯಾರನ್ನ ನೋಡ್ಕೊಂಡು ವಾಪಸ್ ಬರೋದು?”

ಯಾವ ಗುರುವೂ ಹೇಳದ ಮಾತನ್ನು ತನ್ನ ಶಿಷ್ಯೆಯ ಬಾಯಲ್ಲಿ ಕೇಳುವುದು ಮುಜುಗರದ ಸಂಗತಿ. ಯಾರ ಮುಖವನ್ನೂ ನೋಡದೆ ನುಡಿಸಬೇಕೆಂದರೆ ತನ್ನ ಲೆಕ್ಕವನ್ನು ತಾನೇ ನಂಬಬೇಕು, ಅವನಲ್ಲಿ ಇಲ್ಲದಿದ್ದದ್ದೂ ಅದೊಂದೇ. ಅಂದಿನಿಂದ ಗೋಡೆಗೆ ಮುಖ ಮಾಡಿ ಕೂತು ಅಭ್ಯಾಸ ಮಾಡಿದ. ಎದುರಿಗೆ ಬಿಳಿ ಪ್ರೈಮರಿನ ಡಬ್ಬಗಳು. ಡಬ್ಬಕ್ಕೆ ಮುಖವಿಲ್ಲ, ಅದು ಜಾರುವುದೂ ಇಲ್ಲ. ಕೊನೆಯ ವಾರದಲ್ಲಿ ಐದು ಸಲದಲ್ಲಿ ಮೂರು ಸಲ ಏಟು ಕೂಡಿಬಂತು. ಉಳಿದ ಎರಡು ಸಲದ್ದನ್ನೇ ಅವನು ಮನೆಗೆ ಹೊತ್ತುಕೊಂಡು ಹೋದ.

ಕಾರ್ಯಕ್ರಮಕ್ಕೆ ಮೂರು ದಿನ ಇರುವಾಗ ಸರಸ್ವತಿ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋಗಿ ಬಂದು, ಪ್ರಸಾದದ ಜೊತೆ ಒಂದು ಸುದ್ದಿಯನ್ನೂ ಕೊಟ್ಟಳು. ಸೇತುರಾಮರು ಸಿಕ್ಕಿದ್ದರಂತೆ. ಭಾನುವಾರ ಜೆ.ಪಿ. ನಗರದಲ್ಲಿ ನಮ್ಮವರ ಕಾರ್ಯಕ್ರಮ ಇದೆ, ಬನ್ನಿ ಎಂದು ಇವಳು ಹೇಳಿದಳಂತೆ. ಅವರು ಖಂಡಿತ ಬರುತ್ತೇನೆಂದರಂತೆ. ಹನ್ನೊಂದು ತಿಂಗಳ ಮೇಲೆ ಗಂಡ ಮೃದಂಗ ಮುಟ್ಟಿದ್ದಾನೆಂಬ ಸಂಭ್ರಮ ಅವಳಿಗೆ. ಅದನ್ನು ಯಾರಿಗಾದರೂ ಹೇಳದೆ ಇರಲು ಅವಳಿಂದ ಹೇಗೆ ಸಾಧ್ಯ? ಮಾಧವ ಬೈಯಲಿಲ್ಲ. ಪ್ರಸಾದ ಕೈಯಲ್ಲೇ ಉಳಿಯಿತು. ಯಾವ ಮುಂದಿನ ಸಾಲಿನಿಂದ ಓಡಿಬಂದಿದ್ದನೋ ಆ ಸಾಲು ಅವನ ಹಿಂದೆಯೇ ಬರುತ್ತಿತ್ತು.

ಜ್ವರ ಬಂದಿದೆ ಎಂದು ಪ್ರಕೃತಿಗೆ ಸಂದೇಶ ಬರೆದ, ಅಳಿಸಿದ. ಮರುದಿನ ಮತ್ತೆ ಬರೆದು ಮತ್ತೆ ಅಳಿಸಿದ. ಶನಿವಾರ ಥರ್ಮಾಮೀಟರನ್ನೂ ಬಾಯಿಗಿಟ್ಟುಕೊಂಡು ನೋಡಿದ. ಹಾಳಾದ್ದು, ಜ್ವರ ಇರಲಿಲ್ಲ.

ಭಾನುವಾರ ಸಂಜೆ ಐದಕ್ಕೆ, ಒಂದು ಕಟ್ಟಡದ ಎರಡನೆಯ ಮಹಡಿಯ ಸಣ್ಣ ಸಭಾಂಗಣ. ಎಂಬತ್ತು ಕುರ್ಚಿ, ಅರವತ್ತು ತುಂಬಿದ್ದವು. ಕಪ್ಪು ಟೀ ಶರ್ಟಿನ ಪಡ್ಡೆಗಳು, ಕೆದರಿದ ಕೂದಲಿನವರು. ಅವರ ನಡುವೆ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೆಗಲ ಮೇಲೆ ಅಂಗವಸ್ತ್ರ, ಸೇತುರಾಮರು. ಪಕ್ಕದಲ್ಲಿ ರೇಷ್ಮೆ ಸೀರೆಯುಟ್ಟ ಸರಸ್ವತಿ. ವೇದಿಕೆಯ ಮೇಲೆ ಮಾಧವ ಗೋಡೆಗೆ ಮುಖ ಮಾಡಿ ಕೂರುವಂತಿರಲಿಲ್ಲ.

ಮೊದಲ ಎರಡು ಕೃತಿ ಹೇಗೋ ದಾಟಿದವು. ಮೂರನೆಯದೇ ನೂರ ನಲವತ್ತು. ಪ್ರಕೃತಿ ತಲೆಯಾಡಿಸಿ ಸನ್ನೆ ಮಾಡಿದಳು, ಮೂವರೂ ಹೊರಟರು.

ಇಪ್ಪತ್ತರ ತನಕ ಸಲೀಸು. ನಲವತ್ತಕ್ಕೆ ಸೋಮನಾಥನ ಗಿಟಾರು ಏರಿತು. ಮಾಧವ ಹಲ್ಲು ಕಚ್ಚಿ ಅತ್ತ ನೋಡಲಿಲ್ಲ. ನೋಡದೆ ಇರಲೆಂದು ಎದುರಿಗೆ ನೋಡಿದ, ಅದೇ ತಪ್ಪಾಯಿತು. ಸೇತುರಾಮರ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಐವತ್ತು ವರ್ಷ ಕಛೇರಿ ಕೇಳಿದ ಕೈ ಸುಮ್ಮನೆ ಇರುತ್ತದೆಯೇ? ಅದು ಜೋರಾಗಿ ಕೇಳಿದ್ದನ್ನು ಹಿಡಿದಿತ್ತು, ಏಳನ್ನು. ತಟ್ಟುವುದು, ಬೆರಳು ಮಡಚುವುದು, ಕೈ ತಿರುಗಿಸುವುದು, ಎಲ್ಲ ಶುದ್ಧವಾಗಿ, ಎಲ್ಲ ಏಳರಲ್ಲಿ. ಆ ಕೈ ಕೆಳಗೆ ಬಿದ್ದಾಗಲೆಲ್ಲ ಮಾಧವನ ಕೈ ಅದರ ಜೊತೆ ಬೀಳಲು ಎಳೆಯುತ್ತಿತ್ತು. ತೊಂಬತ್ತಾರೋ? ತೊಂಬತ್ತೇಳೋ? ಚಪ್ಪರದ ಬೆಳಕು, ಮೈಕಿನಲ್ಲಿ ಬಂದ ಮಾತು, ನಿಂತ ಕೈಗಳು, ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು.

ಎಡಗಡೆಯಿಂದ ಪ್ರಕೃತಿಯ ಐದು ಅವನಿಗೆ ವಿಚಿತ್ರವಾಗಿ ಕೇಳಿತು, ತನಗಿಂತ ಒಂದು ಎಣಿಕೆ ಮುಂದೆ ಓಡಿದಂತೆ. ತಪ್ಪಿದ್ದು ಅವಳೋ, ತಾನೋ? ಹನ್ನೊಂದು ತಿಂಗಳ ಪ್ರಶ್ನೆ ಬೇರೆ ವೇಷ ಹಾಕಿಕೊಂಡು ಬಂದು ಎದುರಿಗೆ ನಿಂತಿತ್ತು. ಹೋಗಿ ಸೇರಿಕೊ, ಮುಚ್ಚಿಬಿಡು ಎಂದಿತು ಕೈ. ಅವನು ಕಣ್ಣು ಮುಚ್ಚಿದ. ಬಿಳಿ ಡಬ್ಬಗಳನ್ನು ನೆನೆದ. ತಪ್ಪಾದರೆ ನನ್ನದೇ ತಪ್ಪಾಗಲಿ, ಇನ್ನೊಬ್ಬರಿಂದ ಸಾಲ ತಂದ ತಪ್ಪು ಬೇಡ ಎಂದುಕೊಂಡು, ಬಾಯೊಳಗೇ ನೂರು ಎಂದು ಹೇಳಿ, ನಾಲ್ಕರಲ್ಲೇ ನಡೆದ. ನೂರಾ ನಾಲ್ಕು. ನೂರಾ ಎಂಟು. ಹೆದರಿಕೆ ಹೋಗಲಿಲ್ಲ, ಅದೂ ಜೊತೆಗೇ ನಡೆದು ಬಂತು. ನೂರ ಮೂವತ್ತಾರು. ನೂರ ನಲವತ್ತು ಎಣಿಸಿ ಮುಗಿಸಿ, ಎರಡು ಕೈಯನ್ನೂ ಎತ್ತಿ ಹೊಡೆದ.

ಒಂದೇ ಏಟು. ಮೂವರದೂ ಸೇರಿ ಒಂದೇ.

ಆಮೇಲಿನ ಮೌನದಲ್ಲಿ ಸೇತುರಾಮರ ಕೈ ಇನ್ನೂ ಎರಡು ಸಲ ತಟ್ಟಿ, ಗಾಬರಿಯಾಗಿ ನಿಂತಿತು. ಈ ಸಲ ಕೈ ನಿಂತದ್ದಕ್ಕೆ ಮಾಧವ ಕಾರಣನಲ್ಲ. ಅವನಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮೌನ ಮುಗಿಯುವುದರೊಳಗೆ ಅಂಗಿಯ ತೋಳಿನಿಂದ ಒರೆಸಿಕೊಂಡ.

ಕಾರ್ಯಕ್ರಮದ ನಂತರ ಸೇತುರಾಮರು ಬಂದು, ಸಂಗೀತ ತಮಗೆ ಒಂದಕ್ಷರವೂ ತಿಳಿಯಲಿಲ್ಲವೆಂದೂ, ಮೃದಂಗದ ಕೈ ಮಾತ್ರ ಅದೇ ಹಳೆಯ ಕೈ ಎಂದೂ ಹೇಳಿದರು. ಹೊರಡುವಾಗ ದನಿ ತಗ್ಗಿಸಿ, ಆ ಧ್ವನಿಮುದ್ರಣ ಕೇಳಿದಿರಾ ಎಂದು ವಿಚಾರಿಸಿದರು. ಮಾಧವ ಇಲ್ಲವೆಂದು ತಲೆಯಾಡಿಸಿದ.

ಪ್ರಕೃತಿ ಕೇಬಲ್ ಸುತ್ತುತ್ತಿದ್ದಳು. ಅವನು ಹತ್ತಿರ ಹೋಗಿ, ತೊಂಬತ್ತರಿಂದಾಚೆ ಏನಾಯಿತೆಂದು ಕೇಳಿದ. ಅವಳ ಮುಖ ಕೆಂಪಾಯಿತು.

“ನಾನ್ ಬಿಟ್ಬಿಟ್ಟೆ ಸರ್, ಒಂದ್ ಕೌಂಟ್ ಮುಂದೆ ಹೋಗ್ಬಿಟ್ಟೆ. ಸತ್ತೆ ಅಂದ್ಕೊಂಡೆ. ಆದ್ರೆ ನೀವು ಅಲ್ಲೇ ಇದ್ರಿ. ನಿಮ್ ನಾಲ್ಕು ಕೇಳಿಸ್ಕೊಂಡು ವಾಪಸ್ ಬಂದೆ.”

ಮಾಧವ ಗವಸಿನ ದಾರ ಕಟ್ಟುತ್ತಿದ್ದವನು ಹಾಗೆಯೇ ನಿಂತ. ಇದೇ ಮಾತನ್ನು ಅಂದು ಚಪ್ಪರದ ಹಿಂದೆ ಇನ್ನೊಬ್ಬರು ಅವನಿಗೆ ಹೇಳಿದ್ದರು. ಕೊನೆಯ ತುಂಡು ಮಾತ್ರ ಬೇರೆ ಇತ್ತು.

ಮರುದಿನ ಬೆಳಿಗ್ಗೆ, ಕಾಲೇಜಿಗೆ ಹೊರಡುವ ಮುನ್ನ, ಸರಸ್ವತಿಯ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲಿಟ್ಟು ಪೆನ್‌ಡ್ರೈವ್ ಸಿಕ್ಕಿಸಿದ. ಅದರ ಮೂತಿಯಲ್ಲಿ ರವೆಯ ಹುಡಿ ಮೆತ್ತಿತ್ತು, ಊದಿ ತೆಗೆದ. ಬದರಿನಾಥರ ಸ್ವರಗಳು ಬಂದವು. ಮೈಕ್ ಒಳ್ಳೆಯದಿದ್ದಿರಬೇಕು, ಅವರ ಕೈ ತೊಡೆಯ ಮೇಲೆ ಬೀಳುವ ಸದ್ದೂ ಕೇಳುತ್ತಿತ್ತು. ಆ ಹಾಡಿನ ಪಲ್ಲವಿ ಏಟಿನ ಮೇಲೆ ಶುರುವಾಗುವುದಲ್ಲ, ಏಟು ಬಿದ್ದು ಅರ್ಧ ಎಣಿಕೆ ಬಿಟ್ಟು. ಮೊದಲ ಸಲ ಕೇಳಿದಾಗ ಏನೂ ತಿಳಿಯಲಿಲ್ಲ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಕಣ್ಣು ಮುಚ್ಚಿ, ಯಾರ ಮುಖವನ್ನೂ ನೆನೆಯದೆ, ಬರೀ ಎಣಿಸಿದ.

ಬದರಿನಾಥರ ದನಿ ಏಟಿನ ಮೇಲೆಯೇ ಬಂದಿತ್ತು, ಅರ್ಧ ಎಣಿಕೆ ಮೊದಲು. ಅಲ್ಲಿಯವರೆಗೆ ಮೃದಂಗ ಸರಿಯಾಗಿ, ಅರ್ಧ ಬಿಟ್ಟು ಬೀಳುವಂತೆ ಹೊರಟಿತ್ತು. ದನಿ ಕೇಳಿದ್ದೇ ಮೃದಂಗ ಕೊನೆಯ ಹೊಡೆತವನ್ನು ನುಂಗಿ, ದನಿಯ ಜಾಗಕ್ಕೆ ಹಾರಿತು. ಅದೇ ಕ್ಷಣದಲ್ಲಿ ದನಿ ಮೊದಲ ಅಕ್ಷರವನ್ನು ನುಂಗಿ, ಅರ್ಧ ಎಣಿಕೆ ತಡೆದು, ಮೃದಂಗ ಬರಬೇಕಿದ್ದ ಜಾಗಕ್ಕೆ ಬಂದು ನಿಂತಿತು. ಹನುಮಂತನಗರದ ಸಣ್ಣ ಅಡ್ಡರಸ್ತೆಯಲ್ಲಿ ಎದುರುಬದುರಾದ ಇಬ್ಬರು ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಇಬ್ಬರೂ ಡಿಕ್ಕಿ ಹೊಡೆದ ಹಾಗೆ.

ಮೊದಲು ಜಾರಿದವರು ಬದರಿನಾಥರು. ಅದು ತಿಳಿದಾಗ ಮಾಧವನಿಗೆ ಆಗಬೇಕಿದ್ದ ಖುಷಿ ಆಗಲಿಲ್ಲ. ಜಾರಿದ್ದು ಗೊತ್ತಾದ ಕೂಡಲೇ ಅವರು ತಮ್ಮ ಲೆಕ್ಕ ಬಿಟ್ಟು ಮಾಧವನ ಲೆಕ್ಕಕ್ಕೆ ಓಡಿಬಂದಿದ್ದರು. ಹದಿನೆಂಟು ವರ್ಷದ ನಂಬಿಕೆ. ಅವನು ಅಲ್ಲಿರುತ್ತಾನೆ ಎಂದು. ಮಾಧವನ ಲೆಕ್ಕವನ್ನು ನಂಬದೆ ಹೋದವನು ಮಾಧವನೊಬ್ಬನೇ.

ಅವನು ಫೋನ್ ಮಾಡಿದ. ಎರಡನೆಯ ರಿಂಗಿಗೇ ಬದರಿನಾಥರು ಎತ್ತಿದರು.

“ಆವತ್ತಿನ ರೆಕಾರ್ಡಿಂಗ್ ನಿನ್ನೆವರ್ಗೂ ಕೇಳಿರ್ಲಿಲ್ಲ, ಈಗ ಕೇಳ್ದೆ,” ಅಂದ ಮಾಧವ. “ನೀವು ವಾಪಸ್ ಬಂದಿದ್ರಿ. ನಾನು ನಿಮ್ ಹತ್ರಾನೇ ಬರ್ತಿದ್ದೆ.”

ಆ ಕಡೆ ಸದ್ದಿಲ್ಲ. ಎಷ್ಟು ಹೊತ್ತು ಎಂದು ಮಾಧವ ಎಣಿಸಲಿಲ್ಲ.

“ಮೊದ್ಲು ಜಾರಿದ್ದು ನಾನು,” ಅಂದರು ಬದರಿನಾಥರು ಕೊನೆಗೆ. “ನಂಗೆ ಆವತ್ತೇ ಗೊತ್ತಿತ್ತು. ಅಷ್ಟು ಜನದ್ ಮುಂದೆ ಬಾಯಿ ಬರ್ಲಿಲ್ಲ, ಆಮೇಲೆ ಮುಖ ಬರ್ಲಿಲ್ಲ. ತಿಂಡಿ ಆಯ್ತಾ?”

ಇಲ್ಲ ಎಂದ ಮಾಧವ.

“ಬನ್ನಿ ಹಾಗಾದ್ರೆ. ಕಾಯ್ತೀನಿ.”

ಒಳಗೆ ಕುಕ್ಕರ್ ಕೂಗಿತು. ಮೂರಾಯಿತು, ಆಫ್ ಮಾಡು ಎಂದು ಸರಸ್ವತಿಗೆ ಕೂಗಿ ಹೇಳಿ, ಮಾಧವ ಮೃದಂಗವನ್ನು ಹೆಗಲಿಗೇರಿಸಿಕೊಂಡು ಹೊರಟ.